ಹದಿನೇಳನೇ ನಂಬರಿನ ಕ್ರಿಸ್ ಮಾಮ್

"ಒಳ್ಳೆ ಹುಡುಗನಂತೆ. ಒಪ್ಪಿಕೊಂಡುಬಿಡು," ಎಂದ ಚರಣ್, ಕೈಯಲ್ಲಿದ್ದ ಸಮೋಸದ ತುದಿ ಮುರಿಯುತ್ತ.

ಆ ಸಮೋಸವನ್ನು ಕಿತ್ತುಕೊಂಡು ಅವನ ತಲೆಗೇ ಉಜ್ಜಬೇಕು ಅನ್ನಿಸಿತು ನನಗೆ.

ಡಿಸೆಂಬರಿನ ಮೊದಲ ಭಾನುವಾರ ಅದು. ಚೆನ್ನೈಯ ಎಗ್ಮೋರಿನಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಭೆ. ನಲವತ್ತು ಮನೆಗಳಿದ್ದರೆ ಹೆಚ್ಚು, ಎಲ್ಲರೂ ಒಂದಾನೊಂದು ಕಾಲಕ್ಕೆ ಉಡುಪಿ, ಮಂಗಳೂರು ಕಡೆಯಿಂದ ಬಂದವರು. ಸ್ವಂತ ಕಟ್ಟಡ ಇಲ್ಲ. ತಮಿಳರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನ ಅದೇ ಬೆಂಚುಗಳ ಮೇಲೆ ನಾವು ಕೂರುತ್ತೇವೆ. ಆಮೇಲೆ ಹಿಂದಿನ ಹಾಲ್‌ನಲ್ಲಿ ಟೀ, ಸಮೋಸ, ಮತ್ತು ಎಲ್ಲರ ಮನೆಯ ಸುದ್ದಿ. ಆ ದಿನದ ಸುದ್ದಿ ನಾನು. ಉಡುಪಿಯಿಂದ ನನಗೊಂದು ಸಂಬಂಧ ಬಂದಿತ್ತು. "ಹೌದೋ ಅಲ್ಲವೋ, ಹೊಸ ವರ್ಷದೊಳಗೆ ಹೇಳಿಬಿಡು ಸಮೀಕ್ಷಾ," ಎಂದು ಅಪ್ಪ ಗಡುವು ಕೊಟ್ಟಿದ್ದರು.

ಚರಣ್ ಎಂಬ ಈ ಪ್ರಾಣಿ ಸಂಡೇ ಸ್ಕೂಲಿನಲ್ಲಿ ನನ್ನ ಪಕ್ಕ ಕೂತು ಬೆಳೆದವನು. ಈಗ ಮಣಲಿಯ ರಿಫೈನರಿಯಲ್ಲಿ ಶಿಫ್ಟ್ ಎಂಜಿನಿಯರ್. ಅವನು ಬಾಯಿ ಬಿಡಲಿ ಎಂದು ನಾನು ಎರಡು ವರ್ಷದಿಂದ ಕಾಯುತ್ತಿದ್ದೆ. ಬಿಟ್ಟ ಬಾಯಿಂದ ಬಂದದ್ದು ಇದು!

"ಅಷ್ಟು ಹಿಡಿಸಿದ್ರೆ ನೀನೇ ಆಗು ಮಾರಾಯ ಅವನನ್ನ," ಎಂದೆ.

"ನನ್ನನ್ನ ಯಾರು ಆಗ್ತಾರೆ?" ಎಂದು ನಕ್ಕ.

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚೇ ಚಿಕ್ಕದಾಗುತ್ತದೆ. ಅದನ್ನು ನೋಡಿದರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಹಾಗಾಗಿ ಟೀ ಲೋಟವನ್ನು ನೋಡಿದೆ.

ಅಷ್ಟರಲ್ಲಿ ನಮ್ಮ ಯುವಜನ ಸಂಘದ ಕಾರ್ಯದರ್ಶಿ ಪ್ರವೀಣ್ ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸುತ್ತ ಬಂದ. "ಕ್ರಿಸ್ ಮಾಮ್, ಕ್ರಿಸ್ ಚೈಲ್ಡ್! ಎಲ್ಲರೂ ಚೀಟಿ ಎತ್ತಿ! ಬೇಗ ಬೇಗ, ಸೀಕ್ರಮ್!"

ಚೆನ್ನೈಯ ಚರ್ಚುಗಳಲ್ಲಿ ಈ ಆಟ ಇಲ್ಲದೆ ಕ್ರಿಸ್ಮಸ್ ಬರುವುದಿಲ್ಲ. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರು ನಿಮ್ಮ ಕ್ರಿಸ್ ಚೈಲ್ಡ್. ನೀವು ಎಪ್ಪತ್ತರ ಅಜ್ಜನಾದರೂ ಸರಿ, ಅವರಿಗೆ ಕ್ರಿಸ್ ಮಾಮ್. ಫ್ಯಾಮಿಲಿ ಡೇ ಬರುವವರೆಗೆ ಗುಟ್ಟಾಗಿ ಉಡುಗೊರೆ ಕಳಿಸಬೇಕು, ಜೊತೆಗೊಂದು ಟಾಸ್ಕ್ ಕೊಡಬೇಕು. ಚೈಲ್ಡ್ ಆದವರು ತುಟಿ ಪಿಟ್ಟೆನ್ನದೆ ಅದನ್ನು ಮಾಡಬೇಕು. ಯಾರಿಗೆ ಯಾರು ಮಾಮ್ ಎಂಬ ಪಟ್ಟಿ ಪ್ರವೀಣನ ಹತ್ತಿರ ಮಾತ್ರ ಇರುತ್ತದೆ. ಮಾಮ್‌ಗೆ ಥ್ಯಾಂಕ್ಸ್ ಬರೆಯಬೇಕಾದರೆ ಲಕೋಟೆಯ ಮೇಲೆ ನಮ್ಮ ನಂಬರ್ ಬರೆದು, ಕೆಂಪು ಕಾಗದ ಅಂಟಿಸಿದ ಶೂ ಡಬ್ಬಿಗೆ ಹಾಕಿದರೆ ಅವನು ತಲುಪಿಸುತ್ತಾನೆ. ನನ್ನ ನಂಬರ್ ಹದಿನೇಳು.

ಮೊದಲ ಪೊಟ್ಟಣ ಬಿಚ್ಚಿದವಳು ಕೂತಲ್ಲಿಂದ ಎದ್ದುಬಿಟ್ಟೆ. ಒಳಗೆ ಬೆರಳುದ್ದದ ಸ್ಕ್ರೂಡ್ರೈವರ್. ನನ್ನ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗುತ್ತದೆ. ಅದನ್ನು ಉಗುರಿನಿಂದ ತಿರುಗಿಸಿ ತಿರುಗಿಸಿ ಬಿಗಿ ಮಾಡಿಕೊಡುವವನು ಒಬ್ಬನೇ ಒಬ್ಬ. ಜೊತೆಗೆ ಟೈಪ್ ಮಾಡಿದ ಟಾಸ್ಕ್: 'ಕ್ಯಾರಲ್ ಅಭ್ಯಾಸದಲ್ಲಿ ಟೆನರ್ ಸಾಲಿನ ಪಕ್ಕ ನಿಲ್ಲತಕ್ಕದ್ದು.'

ಏರುದನಿಯ ಗಂಡಸರು ಹಾಡುವ ಆ ಟೆನರ್ ಸಾಲಿನ ತುದಿಯಲ್ಲಿ ಯಾವಾಗಲೂ ನಿಲ್ಲುವವನು ಯಾರು? ಚರಣ್.

"ಏನು ಈ ಕಡೆ?" ಎಂದ ಅವನು, ನಾನು ಹೋಗಿ ಪಕ್ಕದಲ್ಲಿ ನಿಂತಾಗ.

"ಕ್ರಿಸ್ ಮಾಮ್ ಆರ್ಡರ್."

"ಒಳ್ಳೆ ಮಾಮ್," ಎಂದು ಪುಸ್ತಕವನ್ನು ನನ್ನ ಕಡೆಗೆ ಸರಿಸಿದ. ಪುಟ ನೋಡುತ್ತಿದ್ದವನ ಕಿವಿ ಕೆಂಪಗಾಗಿತ್ತು. ನಾನು ಒಂದು ಚರಣ ಪೂರ್ತಿ ತಪ್ಪು ಹಾಡಿದೆ. ಅವನು ತಿದ್ದಲಿಲ್ಲ, ನನ್ನ ಜೊತೆ ತಾನೂ ತಪ್ಪು ಹಾಡಿದ.

ಎರಡನೇ ಪೊಟ್ಟಣದಲ್ಲಿ ಮನೆಯಲ್ಲೇ ಮಾಡಿದ, ಒಣದ್ರಾಕ್ಷಿ ಇಲ್ಲದ ಪ್ಲಮ್ ಕೇಕ್. ಇಪ್ಪತ್ತು ವರ್ಷದಿಂದ ನಾನು ಕೇಕಿನ ದ್ರಾಕ್ಷಿಯನ್ನೆಲ್ಲ ಆರಿಸಿ ಆರಿಸಿ ಚರಣನ ತಟ್ಟೆಗೆ ಹಾಕುತ್ತ ಬಂದಿದ್ದೇನೆ. ಮೂರನೆಯದರಲ್ಲಿ ಪ್ಯಾರೀಸ್ ಕಾರ್ನರಿನ ಹೋಲ್‌ಸೇಲ್ ಅಂಗಡಿಯ ಹಸಿರು ಪೆನ್ನುಗಳ ಇಡೀ ಡಬ್ಬಿ. ನಾನು ಶಾಲೆಯಲ್ಲಿ ಗಣಿತದ ಟೀಚರ್. ಕೆಂಪು ಇಂಕು ಕಂಡರೆ ಮಕ್ಕಳು ಹೆದರುತ್ತಾರೆಂದು ಹಸಿರಿನಲ್ಲೇ ತಿದ್ದುತ್ತೇನೆ. ಈ ವಿಷಯ ನಾನು ಹೇಳಿದ್ದು ಅವನೊಬ್ಬನಿಗೆ ಮಾತ್ರ.

ಇನ್ನು ಅನುಮಾನಕ್ಕೆ ಜಾಗ ಎಲ್ಲಿ? ಒಂದು ಲೋಟ ಟೀ ಮಾಡಲು ಬಾರದವನು ಕೇಕ್ ಹೇಗೆ ಬೇಯಿಸಿದ ಎಂದು ನಾನು ಯೋಚಿಸಬೇಕಿತ್ತು. ಖುಷಿ ತಲೆಗೇರಿತ್ತು, ಯೋಚಿಸಲಿಲ್ಲ. ಅದೇ ಹಸಿರು ಪೆನ್ನಿನಲ್ಲಿ ಕಾಗದ ಬರೆದೆ:

'ಕ್ರಿಸ್ ಮಾಮ್, ನೀನು ಯಾರೆಂದು ನನಗೆ ಗೊತ್ತು. ಸ್ಕ್ರೂ, ದ್ರಾಕ್ಷಿ, ಪೆನ್ನು ಎಲ್ಲ ಗೊತ್ತಿರುವ ನಿನಗೆ ಇದೊಂದು ಮಾತ್ರ ಯಾಕೆ ಗೊತ್ತಾಗುವುದಿಲ್ಲ? ನಗುವಾಗ ಚಿಕ್ಕದಾಗುವ ನಿನ್ನ ಎಡಗಣ್ಣನ್ನು ಇನ್ನೂ ಟೀ ಲೋಟದ ಮರೆಯಿಂದ ನೋಡುತ್ತ ಕೂರಲು ನನ್ನಿಂದಾಗದು. ನನಗೆ ಉಡುಪಿಯವನು ಬೇಡ, ನೀನು ಬೇಕು. ಫ್ಯಾಮಿಲಿ ಡೇ ಮುಗಿಯುವುದರೊಳಗೆ ಬಾಯಿ ಬಿಡು. ಇಲ್ಲದಿದ್ದರೆ ಅಪ್ಪನಿಗೆ ಹೂಂ ಅನ್ನುತ್ತೇನೆ. ನೀನು ನನ್ನ ಮದುವೆಗೆ ಬಂದು ಬಿರಿಯಾನಿ ಬಡಿಸುವಿಯಂತೆ.'

ಲಕೋಟೆಯ ಮೇಲೆ ಹದಿನೇಳು ಎಂದು ಬರೆದು ಶೂ ಡಬ್ಬಿಗೆ ಹಾಕಿಬಿಟ್ಟೆ.

ಕ್ರಿಸ್ಮಸ್ ಮರುದಿನ ಚರ್ಚಿನ ಹಿಂದಿನ ಮೈದಾನದಲ್ಲಿ ಫ್ಯಾಮಿಲಿ ಡೇ. ಒಂದು ಕಡೆ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಅಪ್ಪಂದಿರ ಓಟ, ಇನ್ನೊಂದು ಕಡೆ ಸೀರೆ ಎತ್ತಿ ಕಟ್ಟಿದ ಅಜ್ಜಿಯರ ಮ್ಯೂಸಿಕಲ್ ಚೇರ್. ಬೇವಿನ ಮರದ ಕೆಳಗೆ ಬಿರಿಯಾನಿಯ ಹಂಡೆ. ಚರಣ್ ನೈಟ್ ಶಿಫ್ಟ್ ಮುಗಿಸಿ ನೇರ ಬಂದಿದ್ದ, ಕಣ್ಣು ಕೆಂಪಗಿತ್ತು.

"ಏನು ಟೀಚರ್, ಮುಖ ಯಾಕೆ ಊದಿದೆ?"

"ನಿನಗೆ ಎಂತದೂ ಹೇಳ್ಲಿಕ್ಕಿಲ್ವಾ?"

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ, "ಬಿರಿಯಾನಿ ಮುಗೀತದೆ. ಬೇಗ ಹೋಗು," ಎಂದ.

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕಾಗದ ಓದಿಯೂ ಇಷ್ಟೇ ಎಂದರೆ ಇದೇ ಉತ್ತರ. ಸರಿ, ಆಗಲಿ. ನೇರ ಅಪ್ಪನ ಹತ್ತಿರ ಹೋದೆ. "ಅಪ್ಪಾ, ಉಡುಪಿಯವರಿಗೆ..." ಎಂದಿದ್ದೆನಷ್ಟೆ, ಪ್ರವೀಣನ ಮೈಕು ಕಿರ್ರೆಂದಿತು.

"ಈಗ ಕ್ರಿಸ್ ಮಾಮ್ ಬಯಲಾಗುವ ಹೊತ್ತು! ಕರೆದ ನಂಬರಿನವರು ಬಂದು ಒಂದೇ ಒಂದು ಹೆಸರು ಊಹಿಸಬೇಕು!"

ಒಬ್ಬೊಬ್ಬರಾಗಿ ಹೋದರು, ನಕ್ಕರು. ಒಂಬತ್ತನೇ ನಂಬರಿನವಳು ಆರು ವರ್ಷದ ಪ್ರಣಮ್ಯಾ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಪೋರಿ. "ಎನಕ್ಕು ತೆರಿಯುಂ! ಚರಣ್ ಅಣ್ಣಾ!" ಎಂದು ತನಗೆ ಗೊತ್ತಿದೆಯೆಂಬ ಜಂಬದಲ್ಲಿ ಕಿರುಚಿದಳು. ಚರಣ್ ನಗುತ್ತ ಎದ್ದು ಬಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ.

ಒಬ್ಬರಿಗೆ ಒಂದೇ ಚೈಲ್ಡ್. ಚರಣನ ಚೈಲ್ಡ್ ಪ್ರಣಮ್ಯಾ.

ಹಾಗಾದರೆ ನನ್ನ ಕಾಗದ ಯಾರ ಕೈಯಲ್ಲಿದೆ? ಚೀಟಿ ಎತ್ತಿದವರಲ್ಲಿ ನಮ್ಮ ಪಾದ್ರಿ, ಪ್ರಸಂಗ ಹೇಳುವ ಅಯ್ಯನವರೂ ಇದ್ದರು! ಎಡಗಣ್ಣು, ಟೀ ಲೋಟ, ಬಿರಿಯಾನಿ... ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ!

"ಹದಿನೇಳು!"

"ನನಗೆ ಗೊತ್ತಿಲ್ಲ," ಎಂದೆ.

"ಹದಿನೇಳರ ಮಾಮ್, ಎದ್ದು ನಿಲ್ಲಿ!"

ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಎದ್ದವರು ವಿಮಲಾ ಆಂಟಿ. ಸಂಡೇ ಸ್ಕೂಲಿನಲ್ಲಿ ಕೀರ್ತನೆ ಬಾಯಿಪಾಠ ತಪ್ಪಿದರೆ ನಮ್ಮ ಕಿವಿ ಹಿಂಡುತ್ತಿದ್ದವರು. ಮತ್ತು ಚರಣನ ಅಮ್ಮ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಂಟಿ ಬಂದು ನನ್ನ ಮೊಣಕೈ ಹಿಡಿದು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋದರು.

"ಬೆವರುವುದೆಂತಕ್ಕೆ? ನಾನೇನು ಕೀರ್ತನೆ ಕೇಳ್ತೇನಾ?"

"ಆಂಟೀ, ಆ ಕಾಗದ... ತಪ್ಪಾಯ್ತು..."

"ಎರಡು ಸಲ ಓದಿದೆ. ಎರಡನೇ ಸಲ ಕನ್ನಡಕ ಹಾಕಿಕೊಂಡು." ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ಎಡಗಣ್ಣು ಸ್ವಲ್ಪ ಚಿಕ್ಕದಾಗಿತ್ತು. ಮಗನಿಗೆ ಅದು ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. "ಅಲ್ಲ ಮಾರಾಯ್ತಿ, ಸ್ಕ್ರೂ, ದ್ರಾಕ್ಷಿ, ಪೆನ್ನು ಅಂತ ನನಗೆ ಕನಸು ಬಿತ್ತಾ? ನಿನ್ನ ಚೀಟಿ ಬಂದ ದಿನ ಊಟಕ್ಕೆ ಕೂತವನನ್ನ ಕೇಳಿದೆ, ಈ ಹುಡುಗಿಗೆ ಎಂತ ಬೇಕಾಗ್ತದೆ ಅಂತ. ಒಂದು ಗಂಟೆ ಹೇಳಿದ. ಅನ್ನ ತಣ್ಣಗಾಯ್ತು, ಅವನ ಮಾತು ಮುಗೀಲಿಲ್ಲ. ಕೇಳಿದ ಮೇಲೆ ತಾಯಿಗೆ ಗೊತ್ತಾಗುದಿಲ್ವಾ?"

"ಮತ್ತೆ ಆ ಟೆನರ್ ಸಾಲು?"

"ಅದು ನನ್ನ ತಲೆ," ಎಂದರು ಹೆಮ್ಮೆಯಿಂದ.

ನನಗೆ ಅಳುವೂ ಬಂತು, ನಗುವೂ ಬಂತು. "ಅವನಿಗೆ ಯಾಕೆ ಕೊಡ್ಲಿಲ್ಲ ಆಂಟಿ?"

"ನಾನು ಕೊಟ್ರೆ ಅಮ್ಮ ಮಾಡಿಸಿದ ಮದುವೆ ಆಗ್ತದೆ. ನೀನು ಬರೆದದ್ದು, ನೀನೇ ಕೊಡು. ಇದು ಕಡೇ ಟಾಸ್ಕ್." ಬ್ಯಾಗಿನಿಂದ ನನ್ನ ಲಕೋಟೆ ತೆಗೆದು ಕೈಗಿಟ್ಟರು. ಹದಿನೇಳು ಎಂಬುದನ್ನು ಹೊಡೆದುಹಾಕಿ, ಸಂಡೇ ಸ್ಕೂಲಿನ ಅದೇ ದುಂಡು ಅಕ್ಷರದಲ್ಲಿ 'ಚರಣ್' ಎಂದು ಬರೆದಿದ್ದರು.

ಚರಣ್ ಹಗ್ಗಜಗ್ಗಾಟದ ಹಗ್ಗ ಬಿಡಿಸುತ್ತಿದ್ದ. ಲಕೋಟೆ ಚಾಚಿದೆ. ಅವನು ನಿಂತಲ್ಲೇ ಓದಿದ. ಓದುತ್ತ ಓದುತ್ತ ಹಗ್ಗದ ರಾಶಿಯ ಮೇಲೆ ಕೂತುಬಿಟ್ಟ.

"ಇದು... ನನಗಾ?"

"ಅಲ್ಲ, ಅಯ್ಯನವರಿಗೆ!"

"ನೀನೇ ಅಲ್ವಾ ಸಮೀ, ಎರಡು ವರ್ಷದ ಹಿಂದೆ ಪಿಕ್ನಿಕ್‌ನಲ್ಲಿ ಎಲ್ಲರ ಎದುರು ಹೇಳಿದ್ದು? ಶಿಫ್ಟ್ ಗಂಡನನ್ನ ಕಟ್ಟಿಕೊಂಡ್ರೆ ವಾಚ್‌ಮನ್ ಇಟ್ಟುಕೊಂಡ ಹಾಗೆ ಅಂತ?"

"ಅದು ತಮಾಷೆ ಮಾರಾಯ!"

"ಎಲ್ಲರೂ ನಕ್ಕರು, ನಾನೂ ನಕ್ಕೆ. ಆವತ್ತಿಂದ ಹಗಲಿನ ಜನರಲ್ ಶಿಫ್ಟ್ ಕೇಳ್ತಾ ಇದ್ದೇನೆ. ಸಿಕ್ಕಿದ ದಿನ ಹೇಳುವ ಅಂತ ಇದ್ದೆ. ಅಷ್ಟರಲ್ಲಿ ಉಡುಪಿಯವನು ಬಂದ. ಬ್ಯಾಂಕ್ ಕೆಲಸ, ಹತ್ತರಿಂದ ಐದು. ನಿನಗೆ ಅವನೇ ಸರಿ ಅಂತ..."

ನನ್ನ ಒಂದು ಹಾಳು ಜೋಕಿಗೆ ಎರಡು ವರ್ಷ! ಅವನ ಮೇಲೆ ಬಂದಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

"ಶಿಫ್ಟ್ ಹಾಗೇ ಇರಲಿ," ಎಂದೆ. "ನೀನು ಬೆಳಿಗ್ಗೆ ಬಂದು ಮಲಗು, ನಾನು ಶಾಲೆಗೆ ಹೋಗ್ತೇನೆ. ಜಗಳಕ್ಕೆ ಟೈಮೇ ಸಿಗುದಿಲ್ಲ."

ಅವನು ಎದ್ದು ನಿಂತ. ಕೆಂಪು ಕಣ್ಣು ಇನ್ನಷ್ಟು ಕೆಂಪಾಗಿತ್ತು. "ಸಮೀ, ನನಗೆ ನೀನು ಬೇಕು. ಯಾವಾಗಲೂ ಬೇಕಿತ್ತು," ಎಂದ. ಈ ಸಲ ಆ ಎಡಗಣ್ಣನ್ನು ನೇರವಾಗಿ ನೋಡಿದೆ.

"ಹಗ್ಗ ಎಲ್ಲಿ ಚರಣ್?" ಎಂದು ಮೈಕಿನಲ್ಲಿ ಕೂಗಿದ ಪ್ರವೀಣ್. "ಮದುವೆಯಾದವರು ಆ ಕಡೆ, ಆಗದವರು ಈ ಕಡೆ!"

ಚರಣ್ ಹಗ್ಗ ಹಿಡಿದ, ಅವನ ಹಿಂದೆ ನಾನು. ಎದುರಿನ ಸಾಲಿನಲ್ಲಿ ಅಪ್ಪ, ಅಯ್ಯನವರು, ಎಲ್ಲರಿಗಿಂತ ಮುಂದೆ ವಿಮಲಾ ಆಂಟಿ. ಪ್ರತಿ ವರ್ಷ ಗೆಲ್ಲುವವರು ನಾವೇ. ಈ ಸಲವೂ ಎಳೆದೆವು. ಗೆರೆಗೆ ಇನ್ನೊಂದೇ ಅಡಿ ಇತ್ತು.

ಆಗ ವಿಮಲಾ ಆಂಟಿ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದರು, "ಎಳೀರಿ, ಎಳೀರಿ! ಮುಂದಿನ ವರ್ಷ ನೀವಿಬ್ಬರೂ ನಮ್ಮ ಕಡೆಗೇ ಅಲ್ವಾ?"

ಅಪ್ಪ ಹಗ್ಗ ಹಿಡಿದುಕೊಂಡೇ ನನ್ನನ್ನು ನೋಡಿದರು, ಚರಣನನ್ನು ನೋಡಿದರು. "ಇದನ್ನ ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು? ಉಡುಪಿಗೆ ನಾನು ಫೋನ್ ಮಾಡ್ತೇನೆ," ಎಂದರು.

ಚರಣನ ಕೈಯಿಂದ ಹಗ್ಗ ಜಾರಿತು. ನಾನು ಆಗಲೇ ಬಿಟ್ಟಾಗಿತ್ತು. ಆ ವರ್ಷ ಮದುವೆಯಾಗದವರು ಸೋತರು.