ಗುಳುಗುಟ್ಟದ ಗಡಿಗೆ

ಬಹಳ ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ನೊರೆಯೂರು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ರಾಣಿಗೆ ಮುತ್ತು ಬೇಡ, ರತ್ನ ಬೇಡ; ಮೊಳಕೆ ರಾಗಿಯ ಹೆಂಡ ಒಂದಿದ್ದರೆ ಸಾಕು. ಅಲ್ಲಿ ವರ್ಷಕ್ಕೊಮ್ಮೆ ಕಿವಿಹಬ್ಬ ನಡೆಯುತ್ತಿತ್ತು. ಅವತ್ತು ರಾಣಿ ಹೆಂಡ ಮಾಡುವವರ ಕೇರಿಗೆ ಬಂದು, ಮನೆಮನೆಯ ಗಡಿಗೆಗೂ ಕಿವಿಯಿಟ್ಟು ಕೇಳುತ್ತಿದ್ದಳು. ಯಾರ ಗಡಿಗೆ ಎಲ್ಲಕ್ಕಿಂತ ಜೋರಾಗಿ ಗುಳುಗುಳು ಅನ್ನುತ್ತದೋ ಅವರಿಗೆ ಬೆಳ್ಳಿ ಸೌಟು. ಯಾರ ಗಡಿಗೆ ತುಟಿ ಪಿಟಕ್ ಅನ್ನುವುದಿಲ್ಲವೋ ಅವರ ಒಲೆಯ ಮೂರು ಕಲ್ಲನ್ನೂ ಕಿತ್ತು ಹೊಳೆಗೆ ಎಸೆಯುವುದು. ಆಮೇಲೆ ಆ ಮನೆಯಲ್ಲಿ ಯಾರೂ ಯಾವತ್ತೂ ಹೆಂಡ ಮಾಡುವ ಹಾಗಿಲ್ಲ.

ಆ ಕೇರಿಯಲ್ಲಿ ಕಾಟ ಎಂಬ ತರುಣನೊಬ್ಬ ತನ್ನ ತಾಯಿ ಬೊಮ್ಮವ್ವನ ಜೊತೆ ಇದ್ದ. ಗೋಡೆಯ ಆಚೆ ಮನೆ ಹೊನ್ನಾರಿಯದು. ಮೂರು ವರ್ಷದಿಂದ ಬೆಳ್ಳಿ ಸೌಟು ಅವಳದೇ. ಕಾಟನಿಗೆ ಅವಳ ಸೌಟು ಕಂಡರೆ ಹೊಟ್ಟೆಯುರಿ. ಅವಳ ಗಡಿಗೆ ಕಂಡರೆ ಹೊಟ್ಟೆಯುರಿ. ಅವಳು ಸೀನಿದರೂ, "ಥೂ, ಎಷ್ಟು ಚೆನ್ನಾಗಿ ಸೀನ್ತಾಳೆ ನೋಡು" ಅಂತ ಹೊಟ್ಟೆಯುರಿ. ಅವನ ಹೊಟ್ಟೆಯ ಮೇಲೆ ರೊಟ್ಟಿ ಸುಡಬಹುದಿತ್ತು.

ಹೆಂಡ ಮಾಡುವವರಿಗೆ ಒಂದು ಪದ್ಧತಿ. ಬೇಯಿಸಿದ ರಾಗಿ ಅಂಬಲಿಗೆ ಮೊಣಕೈ ಅದ್ದಿಕೊಂಡು ಏಳು ತಲೆಮಾರಿನ ಅಜ್ಜಿಯರ ಹೆಸರನ್ನು ನಿಧಾನವಾಗಿ ಹೇಳಬೇಕು. ಏಳೂ ಹೆಸರು ಮುಗಿಯುವ ತನಕ ಮೊಣಕೈ ತಾಳಿದರೆ ಅಂಬಲಿ ಹದಕ್ಕೆ ಆರಿದೆ ಅಂತ ಲೆಕ್ಕ. ಆಗ ಹುದುಗಿನ ಉಂಡೆಯನ್ನು ಪುಡಿಮಾಡಿ ಹಾಕುವುದು. ಆ ಉಂಡೆಯೊಳಗೆ ಗುಳುಗಿಗಳು ಎಂಬ ಕಣ್ಣಿಗೆ ಕಾಣದ ಜೀವಗಳು ಮಲಗಿರುತ್ತವೆ. ಅವು ಎದ್ದು ಅಂಬಲಿ ತಿಂದು ಉಸಿರು ಬಿಟ್ಟರೇ ಗುಳುಗುಳು.

ಆ ವರ್ಷ ಕಾಟ ಮೊಣಕೈ ಅದ್ದಿ ನಾಲ್ಕನೇ ಅಜ್ಜಿಗೆ ಬಂದಿದ್ದ. ಗೋಡೆಯಾಚೆ ಹೊನ್ನಾರಿ ಏಳನೇ ಅಜ್ಜಿಯನ್ನು ಮುಗಿಸಿದ್ದು ಕೇಳಿಸಿತು. ಹೊಟ್ಟೆ ಚುರ್ ಅಂದಿತು. ಮೊಣಕೈಯೂ ಚುರ್ ಅನ್ನುತ್ತಿತ್ತು. ಅದರ ಮಾತು ಯಾರು ಕೇಳುತ್ತಾರೆ? ಮನೆಯಲ್ಲಿದ್ದ ಒಂದೇ ಒಂದು ಉಂಡೆಯನ್ನು ಆ ಬಿಸಿ ಅಂಬಲಿಗೆ ಸುರಿದೇ ಬಿಟ್ಟ.

ಒಂದು ದಿನ ಕಳೆಯಿತು. ಗಡಿಗೆ ಸುಮ್ಮನಿತ್ತು. ಎರಡು ದಿನ ಕಳೆಯಿತು. ಸುಮ್ಮನೆ ಅಂದರೆ ಸುಮ್ಮನೆ.

"ಏಳೂ ಅಜ್ಜಿ ಹೇಳಿದ್ಯೇನೋ?" ಅಂದಳು ಬೊಮ್ಮವ್ವ.

"ಹೇಳಿದೆ ಕಣವ್ವ! ಬೇಕಾದ್ರೆ ಎಂಟನೇದನ್ನೂ ಹೇಳ್ತಿದ್ದೆ. ಇದೆಲ್ಲ ಆ ಹೊನ್ನಾರಿ ಮಾಡ್ಸಿರೋ ಮಾಟ."

ಬೊಮ್ಮವ್ವ ಒಲೆಯ ಕಲ್ಲು ಸವರುತ್ತಾ, "ಈ ಒಲೆ ಮುಂದೆ ಕೂತು ನಲವತ್ತು ವರ್ಷ ಆಯ್ತು ಮಗಾ. ಇದನ್ನ ಕಿತ್ತರೆ ನಾನೆಲ್ಲಿ ಕೂತ್ಕೊಳ್ಳಲಿ?" ಅಂದಳು.

ಅದನ್ನು ಕೇಳಿ ಕಾಟ ಎದ್ದು ನಿಂತ. ಹಬ್ಬಕ್ಕೆ ಐದೇ ದಿನ. ಅವನು ನೆಟ್ಟಗೆ ಊರಾಚೆಯ ಪಾಳುಬಾವಿಗೆ ಓಡಿದ.

ಆ ಬಾವಿಯೊಳಗೆ ಕಿಸುರಜ್ಜಿ ಎಂಬ ಮಾಟಗಾತಿಯಿದ್ದಳು. ಒಂದು ಕಾಲದಲ್ಲಿ ಅವಳೂ ಹೆಂಡ ಮಾಡಲು ಹೋಗಿದ್ದವಳೇ. ಅವಳ ಗಡಿಗೆ ಒಮ್ಮೆಯೂ ಗುಳುಗುಟ್ಟಲಿಲ್ಲ. ಊರವರ ಗಡಿಗೆಗಳ ಸದ್ದು ಕೇಳಿ ಕೇಳಿ ಹೊಟ್ಟೆಯುರಿದು, ಆ ಉರಿಯಲ್ಲೇ ಮಂತ್ರ ಬೇಯಿಸಿಕೊಂಡಿದ್ದಳು. ಅವಳ ಸೊಂಟದಲ್ಲಿ ಒಂದು ಖಾಲಿ ಸೋರೆಬುರುಡೆ ತೂಗುತ್ತಿತ್ತು.

"ಗಡಿಗೆಗೆ ಚಳಿ ಹಿಡಿದದೆ ಕಂದಾ," ಅಂದಳು ಕಿಸುರಜ್ಜಿ. "ಕೆಂಡಗುಡ್ಡದ ಎರಡು ತಲೆ ಹುಲಿಯ ಉಸಿರು ತಂದು ಕಾಯಿಸು."

ಕಾಟ ಕೆಂಡಗುಡ್ಡ ಹತ್ತಿದ. ಹುಲಿ ಎರಡೂ ಬಾಯಿ ತೆರೆದು ಬಂತು. ಕಾಟ ಎಡತಲೆಗೆ ಕೈಮುಗಿದು, "ಹುಲಿಯಣ್ಣ, ತಿನ್ನು, ಬೇಡ ಅನ್ನಲ್ಲ. ಆದ್ರೆ ಮೊನ್ನೆ ಜಿಂಕೆಯ ತೊಡೆ ತಿಂದಿದ್ದು ನೀನೋ, ಬಲಗಡೆಯವನೋ?" ಅಂದ.

ಎಡತಲೆ ಬಲಕ್ಕೆ ತಿರುಗಿತು. "ಹೌದಲ್ವಾ! ಯಾವಾಗಲೂ ತೊಡೆ ನಿಂಗೇ!"

"ಕಿವಿಯೆಲ್ಲ ನೀನೇ ತಿನ್ನಲ್ವೇನೋ?" ಅಂದಿತು ಬಲತಲೆ.

ಎರಡೂ ತಲೆ ಜಗಳವಾಡಿ ಜಗಳವಾಡಿ ಏದುಸಿರು ಬಿಟ್ಟವು. ಕಾಟ ಆ ಉಸಿರನ್ನು ತೊಗಲು ಚೀಲದಲ್ಲಿ ತುಂಬಿಕೊಂಡು ಬಂದು ಗಡಿಗೆಗೆ ಊದಿದ. ಗಡಿಗೆ ಬೆಚ್ಚಗಾಯಿತು. ಬೆಚ್ಚಗೆ ಸುಮ್ಮನಿತ್ತು.

ಎರಡನೇ ಸಲ ಬಾವಿಗೆ ಹೋದ. "ಗಡಿಗೆಗೆ ಹಸಿವು ಕಂದಾ," ಅಂದಳು ಕಿಸುರಜ್ಜಿ. "ಜೇನುಬಂಡೆಯ ಹೆಬ್ಬಾವು ಕಾಯುವ ತುಪ್ಪ ತಂದು ಉಣಿಸು."

ಹೆಬ್ಬಾವು ಬಂಡೆಗೆ ಮೂರು ಸುತ್ತು ಸುತ್ತಿಕೊಂಡು ತನ್ನ ಮೈಯ ಚುಕ್ಕೆ ನೆಕ್ಕಿಕೊಳ್ಳುತ್ತಿತ್ತು. ಕಾಟ ದೂರದಲ್ಲೇ ನಿಂತು, "ಹಾವಕ್ಕಾ, ಕೆಳಗೆ ಕೆರೆಯಲ್ಲೊಂದು ಕಪ್ಪೆ ನಿನಗಿಂತ ಚುಕ್ಕೆ ಜಾಸ್ತಿ ನಂಗೆ ಅಂತ ಕುಣೀತಿದೆ" ಅಂದ.

"ಯಾವ ಕಪ್ಪೆ?" ಹೆಬ್ಬಾವು ಸರಸರ ಬಿಚ್ಚಿಕೊಂಡು ಹೊರಟೇ ಹೋಯಿತು. ಕಾಟ ಒಂದು ಕೊಡ ಜೇನುತುಪ್ಪ ತಂದು ಗಡಿಗೆಗೆ ಸುರಿದ. ಗಡಿಗೆ ಸಿಹಿಯಾಯಿತು. ಸಿಹಿಯಾಗಿ ಸುಮ್ಮನಿತ್ತು.

ಮೂರನೇ ಸಲ ಹೋದಾಗ ಕಿಸುರಜ್ಜಿಯ ಕಣ್ಣು ಮಿಣಮಿಣ ಹೊಳೆಯುತ್ತಿತ್ತು. "ಇನ್ನೊಂದೇ ದಾರಿ. ಹೊನ್ನಾರಿಯ ಹುದುಗಿನ ಉಂಡೆ ತಗೊಂಡು ಬಾ. ಅವಳಿಗೇ ಯಾಕೆ ಎಲ್ಲಾ ಇರಬೇಕು, ಅಲ್ವಾ?"

ಆ ಕೇರಿಯಲ್ಲಿ ಹುದುಗನ್ನು ಒಬ್ಬರು ಕೇಳುವ ಹಾಗಿಲ್ಲ, ಒಬ್ಬರು ಕೊಡುವ ಹಾಗಿಲ್ಲ. ಕದಿಯುವುದಂತೂ ಬಾಯಲ್ಲಿ ಹೇಳುವ ಮಾತೇ ಅಲ್ಲ. ಆದರೂ "ಅವಳಿಗೇ ಯಾಕೆ" ಅನ್ನುವ ಮಾತು ಕಾಟನ ಹೊಟ್ಟೆಯ ಉರಿಗೆ ಎಣ್ಣೆ ಹೊಯ್ದಿತು. ಹೊನ್ನಾರಿಯ ಬಾಗಿಲಲ್ಲಿ ಮಾತಾಡುವ ಹೆಬ್ಬಾತು ಕಾವಲಿತ್ತು. ಕಾಟ ಅದರ ಕಿವಿಯಲ್ಲಿ, "ನಿನ್ನ ಯಜಮಾನಿ ನೆನ್ನೆ ಬಾವಿಕಟ್ಟೆಯಲ್ಲಿ ಒಂದು ಬಿಳಿ ಬಾತುಕೋಳಿಯನ್ನ ಮುದ್ದಾಡ್ತಿದ್ಲು" ಅಂದ. ಹೆಬ್ಬಾತು ಗೋಡೆಗೆ ಮುಖಮಾಡಿ ಗೊಳೋ ಅಂತ ಅತ್ತಿತು. ಕಾಟ ಒಳಗೆ ಹೋಗಿ ಉಂಡೆ ಎತ್ತಿಕೊಂಡು ಬಂದ.

ಕಿಸುರಜ್ಜಿ ಅದನ್ನು ಕಿತ್ತುಕೊಂಡು ತನ್ನ ಸೋರೆಬುರುಡೆಗೆ ಹಾಕಿ, "ಬನ್ನಿರೇ, ನಿಮ್ಮ ನೆಂಟರಿಷ್ಟರೆಲ್ಲ ಬನ್ನಿ!" ಎಂದು ಕೂಗಿದಳು. ಅಷ್ಟೇ. ರಾಜ್ಯದ ಅಷ್ಟೂ ಗುಳುಗಿಗಳು ಸುಂಯ್ ಅಂತ ಹಾರಿಬಂದು ಬುರುಡೆಯೊಳಗೆ ಬಿದ್ದವು. ಎಲ್ಲ ಗಡಿಗೆಗಳೂ ಸುಮ್ಮನಾದವು. ಹಾಲು ಮೊಸರಾಗಲಿಲ್ಲ. ಹಿಟ್ಟು ಉಬ್ಬಲಿಲ್ಲ. ಅರಮನೆಯಲ್ಲಿ ರಾಣಿಗೆ ಕೊಟ್ಟ ದೋಸೆಯನ್ನು ಕಾಲಿಗೆ ಹಾಕಿಕೊಂಡು ನಡೆಯಬಹುದಿತ್ತು.

"ನಾಳೆ ಹಬ್ಬದಲ್ಲಿ ಸದ್ದು ಮಾಡೋದು ನನ್ನ ಬುರುಡೆ ಒಂದೇ!" ಕಿಸುರಜ್ಜಿ ಕೇಕೆ ಹಾಕಿದಳು. "ಕೇರಿಯ ಒಲೆಗಳೆಲ್ಲ ಹೊಳೆಗೆ!"

ಕಾಟ ಕಾಲೆಳೆದುಕೊಂಡು ಹೊನ್ನಾರಿಯ ಮನೆಗೆ ಬಂದ. ಮಾಡಿದ್ದನ್ನೆಲ್ಲ ಹೇಳಿದ. ಹೊನ್ನಾರಿ ಸೌಟು ಎತ್ತಿ ಅವನ ತಲೆಗೆ ಒಂದು ಕೊಟ್ಟಳು.

"ಇದು ಕದ್ದಿದ್ದಕ್ಕೆ. ಈಗ ನಿಜ ಹೇಳು, ಎಷ್ಟು ಅಜ್ಜಿ?"

"ನಾಲ್ಕು."

"ನಾಲ್ಕಾ! ಬೇಯಿಸಿ ಸಾಯಿಸಿದ್ದೀಯಲ್ಲೋ ಅವನ್ನ!" ಅಂದು ಇನ್ನೊಂದು ಕೊಟ್ಟಳು.

"ನೀನು ಏಳು ಮುಗಿಸಿದ್ದು ಕೇಳಿಸ್ತು. ಹೊಟ್ಟೆ ಉರೀತು."

ಹೊನ್ನಾರಿ ಕೂತುಬಿಟ್ಟಳು. "ನಾನು ಯಾಕೆ ನಿಂಗೆ ಕೇಳೋ ಹಾಗೆ ಜೋರಾಗಿ ಹೇಳಿದೆ ಗೊತ್ತಾ? ನಿನ್ನ ಜಗಲಿ ಮೇಲೆ ದಿನಾ ಜನ, ನಿನ್ನ ತಮಾಷೆ ಕೇಳಿ ಬಿದ್ದು ಬಿದ್ದು ನಗ್ತಾರೆ. ನನ್ನ ಮನೆಗೆ ಹೆಂಡ ತಗೊಳ್ಳೋಕೆ ಬರ್ತಾರೆ, ತಗೊಂಡು ನಿನ್ನ ಜಗಲಿಗೆ ಹೋಗ್ತಾರೆ. ನಂಗೂ ಉರಿಯಲ್ವಾ?"

ಆಮೇಲೆ ಇಬ್ಬರೂ ತಲೆಗೆ ತಲೆ ಸೇರಿಸಿ ನಾಳೆಗೆ ಒಂದು ಉಪಾಯ ಹೂಡಿದರು. ಮೂಲೆಯಲ್ಲಿ ಹೆಬ್ಬಾತು, "ಮತ್ತೆ ಆ ಬಾತುಕೋಳಿ?" ಅಂದಿತು.

ಮಾರನೆಯ ದಿನ ಸುಡುಬಿಸಿಲಲ್ಲಿ ಕಿವಿಹಬ್ಬ. ಕಿಸುರಜ್ಜಿ ಬುರುಡೆ ತಬ್ಬಿಕೊಂಡು ನಡುಬೀದಿಯಲ್ಲಿ ಕೂತಿದ್ದಳು. ಗುಳುಗುಳು ಸದ್ದಿಗೆ ಊರಿನ ಹಂಚುಗಳೇ ಅದುರುತ್ತಿದ್ದವು. ಕಾಟ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಅಜ್ಜೀ, ಎಂಥಾ ಸದ್ದು! ಆದ್ರೆ ಒಂದು ಮಾತು. ರಾಣಿ ಬರೋ ಮುಂಚೆ ಎಲ್ಲರೂ ಬಿಟ್ಟಿ ಕೇಳ್ತಿದ್ದಾರಲ್ಲ? ಅಗೋ, ಆ ಹೊನ್ನಾರಿಯಂತೂ ಕಣ್ಣು ಮುಚ್ಚಿ ಸುಖಪಡ್ತಿದ್ದಾಳೆ."

ಹೊನ್ನಾರಿ ಕಣ್ಣು ಮುಚ್ಚಿ ತಲೆದೂಗಿದಳು.

"ನನ್ನ ಸದ್ದು! ನಂದು!" ಕಿಸುರಜ್ಜಿ ಬುರುಡೆಯ ಬಾಯಿಗೆ ಬಿರಡೆ ತುರುಕಿದಳು. ಅದರ ಮೇಲೆ ಮೇಣ ಮೆತ್ತಿದಳು. ಮೇಣದ ಮೇಲೆ ಸೆರಗು ಬಿಗಿದಳು.

ಹೆಂಡದ ಕೇರಿಯ ಮೂರು ವರ್ಷದ ಕೂಸಿಗೂ ಗೊತ್ತು, ಗುಳುಗುಟ್ಟುವ ಗಡಿಗೆಯ ಬಾಯಿ ಬಿಗಿಯಬಾರದು ಅಂತ. ಆದರೆ ಕಿಸುರಜ್ಜಿಯ ಗಡಿಗೆ ಯಾವತ್ತೂ ಗುಳುಗುಟ್ಟಿರಲಿಲ್ಲವಲ್ಲ, ಅವಳಿಗೆ ಹೇಗೆ ಗೊತ್ತಿರಬೇಕು? ಬುರುಡೆ ಉಬ್ಬಿತು. ಕುಂಬಳದಷ್ಟಾಯಿತು. ಎಮ್ಮೆಯಷ್ಟಾಯಿತು. ಕೇರಿಯ ಜನರೆಲ್ಲ ಗೋಡೆಯ ಹಿಂದೆ ಕೂತರು.

ಢಮಾರ್!

ನೊರೆ ಬಿಳಿಮೋಡವಾಗಿ ಮೇಲೆದ್ದಿತು. ಗುಳುಗಿಗಳು ತಮ್ಮ ತಮ್ಮ ಗಡಿಗೆಗೆ ಹಾರಿಹೋದವು. ಕಿಸುರಜ್ಜಿಯ ಮಂತ್ರವೆಲ್ಲ ನೊರೆಯ ಜೊತೆ ಹಾರಿಹೋಗಿ, ಬರೀ ಒಬ್ಬ ಒದ್ದೆ ಮುದುಕಿ ಉಳಿದಳು.

ಅಷ್ಟರಲ್ಲಿ ರಾಣಿ ಬಂದಳು. ಮನೆಮನೆಗೂ ಕಿವಿಯಿಟ್ಟಳು. ಎಲ್ಲ ಕಡೆ ಗುಳುಗುಳು. ಕಾಟನ ಮನೆಯಲ್ಲಿ ಮಾತ್ರ ನಿಶ್ಶಬ್ದ. ಸತ್ತ ಗುಳುಗಿಗಳು ಎಲ್ಲಿಂದ ಬರಬೇಕು? ಬೊಮ್ಮವ್ವ ಒಲೆಯ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ಭಟರು ಹಾರೆ ಎತ್ತಿದರು.

"ತಪ್ಪು ನಂದು ಮಹಾತಾಯಿ," ಅಂದ ಕಾಟ. "ಕೀಳೋದಾದ್ರೆ ನನ್ನ ಕಿವಿ ಕಿತ್ಕೊಳ್ಳಿ. ನಮ್ಮವ್ವನ ಒಲೆ ಬೇಡ."

ಆಗ ಹೊನ್ನಾರಿ ತನ್ನ ಗಡಿಗೆಯಿಂದ ಒಂದು ಸೌಟು ನೊರೆ ಎತ್ತಿಕೊಂಡು ಬಂದಳು.

"ಏಯ್! ಹುದುಗು ಕೊಡೋ ಪದ್ಧತಿ ಇಲ್ಲ!" ಎಂದು ಕೇರಿಯ ಹಿರಿಯರು ಅರಚಿದರು.

"ಇವನ ಒಲೆ ಹೋದ್ರೆ ಗೋಡೆಯಾಚೆ ಯಾರ ಹೊಟ್ಟೆ ಉರಿಸಲಿ ನಾನು?" ಅಂದು ಹೊನ್ನಾರಿ ನೊರೆಯನ್ನು ಸುರಿದೇ ಬಿಟ್ಟಳು.

ಎಲ್ಲರೂ ಉಸಿರು ಹಿಡಿದು ಕಾದರು. ಒಂದು ಗಳಿಗೆ ಕಳೆಯಿತು. ಎರಡು ಗಳಿಗೆ ಕಳೆಯಿತು. ಮೂರನೇ ಗಳಿಗೆಗೆ ಗಡಿಗೆಯ ತಳದಲ್ಲಿ, ಗುಳುಕ್.

ಆಮೇಲೆ ನಿಲ್ಲಿಸುವವರು ಯಾರು? ಬೆಚ್ಚಗಿನ ಅಂಬಲಿ, ಅದಕ್ಕೊಂದು ಕೊಡ ಜೇನುತುಪ್ಪ, ಯಾರೂ ಮುಟ್ಟದ ಊಟ. ಗುಳುಗಿಗಳು ಹಬ್ಬ ಮಾಡಿದವು. ನೊರೆ ಉಕ್ಕಿ ರಾಣಿಯ ಕಿವಿಯೊಳಗೇ ಹೋಯಿತು. ರಾಣಿ ತಲೆ ಕೊಡವಿಕೊಂಡು, "ಇದಕ್ಕಿಂತ ಜೋರು ಈ ಕೇರಿಯಲ್ಲಿಲ್ಲ. ಸೌಟು ಕಾಟನಿಗೆ!" ಅಂದಳು.

ಹೊನ್ನಾರಿ ಬಾಯಿ ತೆರೆದವಳು ಮುಚ್ಚಲಿಲ್ಲ. "ಅದು ನನ್ನ ನೊರೆ ಕಣೋ!"

"ಗಡಿಗೆ ನಂದಲ್ವೇನೇ?" ಅಂದ ಕಾಟ, ಬೆಳ್ಳಿ ಸೌಟಿನಲ್ಲಿ ಮುಖ ನೋಡಿಕೊಳ್ಳುತ್ತಾ.

ಹೀಗೆ ಬೊಮ್ಮವ್ವನ ಒಲೆ ಉಳಿಯಿತು, ಹಾಲು ಮೊಸರಾಯಿತು, ಹಿಟ್ಟು ಉಬ್ಬಿತು. ಕಿಸುರಜ್ಜಿ ಕಾಟನ ಜಗಲಿಯಲ್ಲಿ ಕೂತು, ದಿನವಿಡೀ ಗಡಿಗೆಗೆ ಕಿವಿಯಿಟ್ಟು, ತನ್ನಷ್ಟಕ್ಕೆ ನಗುತ್ತಿದ್ದಳು. ಅಂದಿನಿಂದ ಆ ಕೇರಿಯಲ್ಲಿ ಹುದುಗು ಗೋಡೆ ದಾಟಿ ಓಡಾಡಿತು, ಬೈಗುಳವೂ ಓಡಾಡಿತು. ನೊರೆಯೂರಿನಲ್ಲಿ ಎಲ್ಲರೂ ಸುಖವಾಗಿದ್ದರು, ಪಕ್ಕದ ಮನೆಯವರು ತಮಗಿಂತ ಒಂಚೂರು ಜಾಸ್ತಿ ಸುಖವಾಗಿದ್ದಾರೆ ಅಂತ ಗೊಣಗುತ್ತಾ.