ಒಂದು ಬೇರಿಗೆ ಒಂದೇ ಚಿತ್ರ

"ಇದೂ ಬೇಡ" ಅಂದರು ಮೇಷ್ಟ್ರು, ಚಿತ್ರದ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸುತ್ತ.

"ಯಾಕೆ ಬೇಡ?"

"ಚೆನ್ನಾಗಿದೆ. ಆದರೆ..."

ಈ 'ಆದರೆ' ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮೊದಲು ಜಿಗಣೆ ಬರೆದಳು, ಆದರೆ. ಅಂಗಿ ತೂಗುಹಾಕಿದ ಹ್ಯಾಂಗರ್ ಬರೆದಳು, ಆದರೆ. ಛಾವಣಿಯಿಂದ ಇಳಿಬಿದ್ದ ದೀಪ ಬರೆದಳು, ಅದಕ್ಕೂ ಆದರೆ. ಇವತ್ತು ಅಮ್ಮನ ಕೊರಳಿಗೆ ಜೋತುಬಿದ್ದ ಮಗು. ಆ ಮಗುವಿನ ಮುಖ ನೋಡಿ ಕಲ್ಲೂ ಕರಗಬೇಕಿತ್ತು. ಮೇಷ್ಟ್ರು ಕರಗಲಿಲ್ಲ.

"ಆದರೆ ಏನು ಮೇಷ್ಟ್ರೇ? ಆದರೆ ಆದಮೇಲೆ ಇನ್ನೊಂದು ಮಾತು ಬರಬೇಕಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ವಯಸ್ಸಾದವರೇನಲ್ಲ. ಹಿಂದೆ ಶಾಲೆಯಲ್ಲಿ ಅರಬ್ಬಿ ಕಲಿಸುತ್ತಿದ್ದರಂತೆ, ಹಾಗಾಗಿ ಪ್ರೆಸ್ಸಿನವರೆಲ್ಲ ಮೇಷ್ಟ್ರು ಅನ್ನುತ್ತಿದ್ದರು, ಅವಳೂ ಅನ್ನುತ್ತಿದ್ದಳು. ಕನ್ನಡಕ ಇಲ್ಲದಾಗ ಆ ಕಣ್ಣುಗಳು ದಾರಿ ತಪ್ಪಿದವರ ಹಾಗೆ ಅವಳ ಮುಖದ ಸುತ್ತಮುತ್ತ ಅಲೆಯುತ್ತಿದ್ದವು. ಅಂಥ ಹೊತ್ತಿನಲ್ಲಿ ಅವಳ ಸಿಟ್ಟಿಗೂ ದಾರಿ ತಪ್ಪುತ್ತಿತ್ತು, ಅದೇ ದೊಡ್ಡ ತೊಂದರೆ.

ಇಬ್ಬರೂ ಸೇರಿ ಮಾಡುತ್ತಿದ್ದದ್ದು ಮಕ್ಕಳಿಗಾಗಿ ಒಂದು ಅರಬ್ಬಿ–ಕನ್ನಡ ನಿಘಂಟಿನ ಮೊದಲ ಭಾಗ. ಅರಬ್ಬಿಯಲ್ಲಿ ಹೆಚ್ಚಿನ ಪದಗಳಿಗೆ ಮೂರಕ್ಷರದ ಒಂದು ಬೇರು ಇರುತ್ತದೆ. ಒಂದೇ ಬೇರಿನಿಂದ ಹತ್ತಾರು ಪದ ಕವಲೊಡೆಯುತ್ತವೆ, ಒಂದರ ಅರ್ಥ ಪೂರ್ವಕ್ಕಿದ್ದರೆ ಇನ್ನೊಂದರದ್ದು ಪಶ್ಚಿಮಕ್ಕೆ. ಪ್ರೆಸ್ಸಿನ ಯಜಮಾನರು ಕೈ ಬಿಗಿಯ ಆಸಾಮಿ. ಬೇರಿಗೆ ಒಂದೇ ಚಿತ್ರ, ಅದರಲ್ಲೇ ಎಲ್ಲ ಅರ್ಥವೂ ಹಿಡಿಸಬೇಕು ಅಂತ ಮೊದಲೇ ಹೇಳಿಬಿಟ್ಟಿದ್ದರು. ಮೇಷ್ಟ್ರು ಅರ್ಥ ಬಿಡಿಸಿ ಹೇಳುವುದು, ಅವಳು ಕೇಳಿ ಚಿತ್ರ ಬರೆಯುವುದು. ಇಷ್ಟು ದಿನ ಎಲ್ಲ ಬೇರುಗಳೂ ಸಲೀಸಾಗಿ ಬಂದವು. ಕೊನೆಗೆ ಉಳಿದದ್ದು ಇದೊಂದು: ಐನ್, ಲಾಮ್, ಕಾಫ್.

"ಇನ್ನೊಂದು ಸಲ ಹೇಳಿ. ಮೊದಲಿಂದ" ಅಂದಳು ಪೆನ್ಸಿಲ್ ಕೈಗೆ ತೆಗೆದುಕೊಂಡು.

"ಅಲಕ ಅಂದ್ರೆ ಜಿಗಣೆ. ಹೆಪ್ಪುಗಟ್ಟಿದ ರಕ್ತಕ್ಕೂ ಅದೇ ಪದ. ಅಲ್ಲಾಕ ಅಂದ್ರೆ ಹ್ಯಾಂಗರ್. ತಅಲೀಕ್ ಅಂದ್ರೆ ತೂಗುಹಾಕೋದು. ಬೇರೆಯವರು ಬರೆದದ್ದರ ಪಕ್ಕ ನಾವು ಸೇರಿಸೋ ಟಿಪ್ಪಣಿಗೂ ಹಾಗೇ ಅಂತಾರೆ. ಮುಅಲ್ಲಕ್ ಅಂದ್ರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ನಡುವೆ ನೇತಾಡ್ತಿರೋದು."

"ನನ್ನ ಹಾಗೆ."

ಮೇಷ್ಟ್ರು ತಲೆ ಎತ್ತಲಿಲ್ಲ. "ಅಲಾಕ ಅಂದ್ರೆ ಸಂಬಂಧ. ತಅಲ್ಲುಕ್ ಅಂದ್ರೆ..." ಇಲ್ಲಿಗೆ ಬಂದಾಗೆಲ್ಲ ಅವರ ದನಿ ಇಳಿಯುತ್ತಿತ್ತು. "ಯಾರನ್ನಾದ್ರೂ ಹಚ್ಚಿಕೊಳ್ಳೋದು. ನಮ್ಮ ತಾಲ್ಲೂಕು ಅನ್ನೋ ಪದವೂ ಅಲ್ಲಿಂದಲೇ ಬಂದದ್ದು."

"ತಾಲ್ಲೂಕಾ? ಹಾಗಾದ್ರೆ ಆಫೀಸಿನ ಮುಂದೆ ಕ್ಯೂ ನಿಂತವರೆಲ್ಲ ಹಚ್ಚಿಕೊಂಡವರೇ ಅನ್ನಿ."

ಮೇಷ್ಟ್ರು ನಕ್ಕರು. ತುಟಿಯ ಒಂದೇ ಅಂಚಿನಲ್ಲಿ ನಗುವುದು ಅವರ ಅಭ್ಯಾಸ. ಆ ಅಂಚನ್ನು ಎಷ್ಟು ಸಲ ಬರೆದರೂ ಅವಳಿಗೆ ಸರಿಯಾಗಿ ಬಂದಿರಲಿಲ್ಲ. ಬರೆದದ್ದು ಯಾರಿಗೂ ಗೊತ್ತಿರಲಿಲ್ಲ, ಬಿಡಿ.

ದೂರದ ಊರಿನ ಮಕ್ಕಳ ಪತ್ರಿಕೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸ್ವಂತ ಮೇಜು, ಇಡೀ ಪುಟದ ಚಿತ್ರಗಳು, ಅವಳು ಚಿಕ್ಕಂದಿನಿಂದ ಬಯಸಿದ್ದೇ ಅದು. ಎರಡು ಸಲ ಅವಧಿ ಕೇಳಿದ್ದಳು. ಸೋಮವಾರದ ಮೇಲೆ ಕಾಯುವುದಿಲ್ಲ ಅಂತ ಅಲ್ಲಿಂದ ಕಡ್ಡಿ ಮುರಿದ ಹಾಗೆ ಉತ್ತರ ಬಂದಿತ್ತು. ಒಪ್ಪಿಕೊಂಡ ನಿಘಂಟನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಅವಳ ಜಾಯಮಾನವಲ್ಲ. ಇವತ್ತು ಶನಿವಾರ.

ಮನೆಯಲ್ಲೂ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಬೆಳಗ್ಗೆ ಅಕ್ಕ ರೇಗಿಸಿದ್ದಳು: "ಯಾವಾಗ ಮುಗಿಯುತ್ತೋ ಅಂತ ಗೋಳಾಡ್ತೀಯ. ಬೆಳಗಾದ್ರೆ ಕನ್ನಡಿ ಮುಂದೆ ಮೂರು ಬಟ್ಟೆ ಬದಲಾಯಿಸ್ತೀಯ. ಎರಡರಲ್ಲಿ ಒಂದು ಸುಳ್ಳು ಕಣೇ."

"ಎರಡೂ ನಿಜ. ಅದೇ ನನ್ನ ಕರ್ಮ" ಅಂದು ಅವಳು ಬಾಗಿಲು ದಾಟಿದ್ದಳು.

ಮಧ್ಯಾಹ್ನ ಕಾಗದ ಮುಗಿದು ಅವಳು ಕೆಳಗಿನ ಪ್ರೆಸ್ಸಿಗೆ ಇಳಿದಳು. ಯಂತ್ರದ ಗದ್ದಲ, ಶಾಯಿಯ ವಾಸನೆ. ಯಂತ್ರ ನಡೆಸುವ ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ.

"ಮತ್ತೆ ಕಾಗದವೇನಮ್ಮಾ? ಕೆಲಸ ಎಲ್ಲ ಮುಗೀತಲ್ಲ?"

"ಎಲ್ಲಿ ಮುಗೀತಣ್ಣ! ಕೊನೇ ಪುಟ ಇನ್ನೂ ಹಾಗೇ ಇದೆ. ನಿಮ್ಮ ಮೇಷ್ಟ್ರು ಏನು ಬರೆದ್ರೂ ಕೊಕ್ಕೆ ಹಾಕ್ತಾರೆ."

"ಜಿಗಣೆ ಪುಟ ತಾನೇ? ಅದು ಅಚ್ಚಾಗಿ ವಾರದ ಮೇಲಾಯ್ತು. ಮೇಷ್ಟ್ರೇ ಸಹಿ ಹಾಕಿ ಕಳಿಸಿದ್ರು."

ಕಟ್ಟಿಟ್ಟ ಹಾಳೆಗಳ ಮೇಲಿಂದ ಒಂದನ್ನು ಎಳೆದು ತೋರಿಸಿದ. ಅವಳದೇ ಜಿಗಣೆ, ಅವಳದೇ ಗೆರೆ. ಮೊದಲ ದಿನ ಬರೆದದ್ದು.

ಮೆಟ್ಟಿಲು ಹತ್ತುವಾಗ ಅವಳ ಕಿವಿ ಬಿಸಿಯಾಗಿತ್ತು. ವಾರದಿಂದ ತನ್ನ ಕೈಗೆ ಏನಾಗಿದೆ ಅಂತ ಕೊರಗಿದ್ದೇನು, ಬರೆದು ಹರಿದದ್ದೇನು, ಮತ್ತೆ ಬರೆದದ್ದೇನು! ಇವರು ಕೂತು ತಮಾಷೆ ನೋಡಿದರಲ್ಲ!

"ಜಿಗಣೆ ಚೆನ್ನಾಗಿ ಅಚ್ಚಾಗಿದೆ ಮೇಷ್ಟ್ರೇ" ಅಂದು ಹಾಳೆಯನ್ನು ಅವರ ಮುಂದೆ ಹಾಕಿದಳು.

ಮೇಷ್ಟ್ರ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ನನ್ನ ಕೆಲಸ ಹೋಗ್ತಿತ್ತು. ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ದಿನಾ ಬೆಳಗ್ಗೆ, ಇವತ್ತು ಹೇಳಿಬಿಡ್ತೀನಿ ಅಂದ್ಕೊಂಡು ಬರ್ತಿದ್ದೆ. ನೀವು ಹೊಸ ಚಿತ್ರ ಮುಂದಿಟ್ಟ ತಕ್ಷಣ ಬಾಯಿಗೆ ಬೀಗ ಬೀಳ್ತಿತ್ತು. ಸರಿ ಅಂದ್ರೆ ನೀವು ಹೋಗ್ತೀರಿ, ಆದರೆ ಅಂದ್ರೆ ನಾಳೆನೂ ಬರ್ತೀರಿ. ತಪ್ಪು ಮಾಡಿದೆ. ಆ ಪತ್ರಿಕೆಯವರಿಗೆ ನಾನೇ ಫೋನ್ ಮಾಡಿ, ತಡ ಆಗಿದ್ದು ನನ್ನಿಂದ ಅಂತ ಹೇಳ್ತೀನಿ. ಬೆಳಗ್ಗೆ ಬಸ್ಸಿಗೆ ಹೋಗಿ."

"ಅಷ್ಟೇನಾ?"

"ಅಷ್ಟೇ."

ಸಿಟ್ಟು ನೆತ್ತಿಗೇರಿದ್ದು ಆಗಲೇ. ಮೋಸ ಮಾಡಿದ್ದಕ್ಕೆ ಬಂದ ಸಿಟ್ಟಿಗಿಂತ ಈ 'ಅಷ್ಟೇ'ಗೆ ಬಂದದ್ದು ದೊಡ್ಡದಾಗಿತ್ತು. ಅವಳು ಬಾಗಿಲ ಕಡೆ ನಡೆದಳು.

ಬಾಗಿಲ ಹಿಂದೆ ಒಂದೇ ಒಂದು ಮೊಳೆ. ಬೆಳಗ್ಗೆ ಮೊದಲು ಬರುವವಳು ಅವಳು, ಅವಳ ಚೀಲ ಕೆಳಗೆ. ಆಮೇಲೆ ಬರುವ ಮೇಷ್ಟ್ರ ಚೀಲ ಮೇಲೆ. ಸಂಜೆ ಮೊದಲು ಹೊರಡುವವಳೂ ಅವಳೇ. ಹಾಗಾಗಿ ದಿನಾ "ನಿಮ್ಮ ಚೀಲ ತೆಗೀರಿ" ಅನ್ನಬೇಕು, ಮೇಷ್ಟ್ರು ಎದ್ದು ಬರಬೇಕು, ಇಬ್ಬರೂ ಆ ಇಕ್ಕಟ್ಟಿನಲ್ಲಿ ಒಂದು ಗಳಿಗೆ ನಿಲ್ಲಬೇಕು. ಇನ್ನೊಂದು ಮೊಳೆ ಹೊಡೆಯೋಣ ಅಂತ ಅವಳು ಒಮ್ಮೆ ಸುತ್ತಿಗೆಯನ್ನೇ ತಂದಿದ್ದಳು. ಗೋಡೆ ಉದುರುತ್ತದೆ ಅಂದಿದ್ದರು ಮೇಷ್ಟ್ರು.

ಅವಳು ಗೋಡೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದಳು. ಕಬ್ಬಿಣದಂಥ ಗೋಡೆ.

"ಇದೂ ಸುಳ್ಳಾ?"

ಹಿಂದಿನಿಂದ ಸಣ್ಣ ದನಿ ಬಂತು: "ಅದು ಮೊದಲನೇ ಸುಳ್ಳು."

ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ. ನಗುವಿನ ಬೆನ್ನಿಗೇ ಕಣ್ಣೂ ತುಂಬಿತು.

"ನಾನು ಹೋಗೋದು ಹೋಗೋದೇ ಮೇಷ್ಟ್ರೇ. ಆ ಕೆಲಸ ಬಿಡಲ್ಲ. ಆದರೆ ಹೀಗೆ ನಡುವೆ ನೇತಾಡ್ಸಿ ಕಳಿಸ್ಬೇಡಿ. ಕೇಳೋದಿದ್ರೆ ನೆಟ್ಟಗೆ ಕೇಳಿ."

ಮೇಷ್ಟ್ರು ಎದ್ದು ನಿಂತರು. ಕನ್ನಡಕ ಒರೆಸಲಿಲ್ಲ. ಕಣ್ಣು ಈ ಸಲ ನೇರವಾಗಿ ಬಂದು ಅವಳ ಕಣ್ಣಲ್ಲೇ ನಿಂತಿತು.

"ನಿಮ್ಮನ್ನ ತುಂಬಾ ಹಚ್ಕೊಂಡಿದೀನಿ. ನಿಘಂಟಿನ ಮುಂದಿನ ಭಾಗ ಎಲ್ಲಿ ಕೂತು ಬೇಕಾದ್ರೂ ಬರೀಬಹುದು. ಆ ಊರಿಗೆ ನಾನೂ ಬರಲಾ?"

ಇಷ್ಟು ಕೇಳುವುದಕ್ಕೆ ಒಬ್ಬ ಮನುಷ್ಯ ಎಷ್ಟು ಕಾಗದ ಹಾಳುಮಾಡಿಸಿದ! ಅವಳು ಮೇಜಿನ ಮೇಲಿನ ಹಾಳೆ ನೋಡಿದಳು.

"ಇಷ್ಟೆಲ್ಲ ಚಿತ್ರ ಬರೆಸಿ, ಕೊನೆಗೆ ನಮ್ಮ ಪುಟಕ್ಕೆ ಜಿಗಣೆಯೇನಾ?"

"ಅದಕ್ಕಿಂತ ಸರಿಯಾದದ್ದು ಇಲ್ಲ. ಹಿಡಿದದ್ದನ್ನ ಬಿಡಲ್ಲ ಅದು."

"ನೋಡೋಣ" ಅಂದಳು.

ಮೊಳೆಯಿಂದ ಎರಡೂ ಚೀಲ ತೆಗೆದಳು. ಮೊದಲು ಅವರದ್ದನ್ನು ತಗುಲಿಸಿದಳು, ಅದರ ಮೇಲೆ ತನ್ನದನ್ನು.

"ಇವತ್ತು ಮೊದಲು ಹೋಗೋರು ನೀವು. ಚೀಲ ಬೇಕಾದ್ರೆ ನನ್ನನ್ನ ಕೇಳಿ."

ಮೇಷ್ಟ್ರು ಚೀಲ ನೋಡಿದರು, ಅವಳನ್ನು ನೋಡಿದರು. ತುಟಿಯ ಎರಡೂ ಅಂಚಿಗೆ ನಗು ಹರಡಿತು. ಅವಳು ಅದನ್ನು ನೋಡಿದ್ದು ಇದೇ ಮೊದಲು.

"ನನಗೇನೂ ಅರ್ಜೆಂಟಿಲ್ಲ" ಅಂದು ಅವರು ಮತ್ತೆ ಕುರ್ಚಿಯಲ್ಲಿ ಕೂತರು.

"ನನ್ನ ಬಸ್ಸೂ ಬೆಳಗ್ಗೆಗೇ" ಅಂದು ಅವಳು ಎದುರಿಗೆ ಕೂತು, ಪೆನ್ಸಿಲ್ ಚೂಪು ಮಾಡಿಕೊಂಡಳು. "ಹೀಗೇ ನಗ್ತಾ ಇರಿ. ಅಲುಗಾಡ್ಬೇಡಿ."