ಉಲ್ಲಂಕಿಯ ಕಣ್ಣು

ಬಹಳ ಹಿಂದೆ, ಗುಡ್ಡದ ತಲೆಯ ಮೇಲೂ ಕೆಸರಿರುವ ಜೌಗುನಾಡು ಎಂಬ ರಾಜ್ಯವಿತ್ತು. ಅಲ್ಲಿ ಮರ ಕಡಿಮೆ, ಹುಲ್ಲು ಜಾಸ್ತಿ, ನೀರು ಇನ್ನೂ ಜಾಸ್ತಿ. ನಮ್ಮ ನಿಮ್ಮಂಥವರು ಕಾಲಿಟ್ಟರೆ ಮೊಣಕಾಲ ತನಕ ಹೂತುಹೋದೆವು ಅಂತಲೇ ಲೆಕ್ಕ. ಉದ್ದ ಕಾಲಿನ ಕೆಸರುಹಕ್ಕಿಗಳಿಗೆ ಮಾತ್ರ ಅದು ತವರುಮನೆ.

ಆ ನಾಡಿನಲ್ಲಿ ನೋಟಗಾರರ ಮನೆತನವೊಂದಿತ್ತು. ಅವರ ಹತ್ತಿರ ಒಂದು ಬಿಂಬಪೆಟ್ಟಿಗೆ. ಅದರ ಮುಚ್ಚಳ ತೆರೆದು ಮುಚ್ಚಿದರೆ ಎದುರಿಗಿದ್ದದ್ದು ಒಳಗಿನ ಗಾಜಿನ ಮೇಲೆ ಇದ್ದ ಹಾಗೇ ಮೂಡುತ್ತಿತ್ತು. ಪ್ರತಿ ವಸಂತದಲ್ಲೂ ಹಕ್ಕಿಗಳ ಬಿಂಬ ಹಿಡಿದು ಅರಮನೆಯಲ್ಲಿ ತೋರಿಸುವುದು ಅವರ ಕೆಲಸ. ಅವರದು ಒಂದೇ ಕಟ್ಟುಪಾಡು: ಬಿಂಬ ಹಿಡಿದು ಹೊರಟಾಗ ಹಕ್ಕಿ ತಾನಿದ್ದಲ್ಲೇ ಇರಬೇಕು. ಹೆದರಿಸಿ ಹಾರಿಸಿದ ಹಕ್ಕಿಯ ಬಿಂಬವನ್ನು ಅಲ್ಲೇ ಒಡೆದು ಹಾಕುತ್ತಿದ್ದರು. ಅಷ್ಟು ಬಿಗಿ ಜನ!

ಒಂದು ವರ್ಷ ಚಳಿಮಲ್ಲನೆಂಬ ಮಾಂತ್ರಿಕ ಉತ್ತರದ ಬೆಟ್ಟದಿಂದ ಇಳಿದು ಬಂದು ಜೌಗನ್ನೆಲ್ಲ ಹೆಪ್ಪುಗಟ್ಟಿಸಿದ. ಏಳು ತಿಂಗಳು ಹಿಮ. ಆ ಬಿಳುಪನ್ನು ನೋಡಿ ನೋಡಿ ನೋಟಗಾರ್ತಿ ಕೇತವ್ವನ ಕಣ್ಣೇ ಹೋಯಿತು. ನಾಡಿನಲ್ಲಿ ಅಂಥ ಕಣ್ಣು ಇನ್ನೊಂದಿರಲಿಲ್ಲ.

ವಸಂತ ಬರಬೇಕಾದ ಹೊತ್ತಿಗೆ ಚಳಿಮಲ್ಲನೇ ಅರಮನೆಗೆ ಬಂದ.

"ರಾಣಿ ಜಕ್ಕಲೆ, ನಿನ್ನ ಟಿಟ್ಟಿಭ, ನಿನ್ನ ಗೊರವ, ನಿನ್ನ ಉಲ್ಲಂಕಿ, ಮೂರೂ ಸತ್ತವು. ಹಕ್ಕಿಯಿಲ್ಲದ ಜೌಗು ನನ್ನದು. ಇವೆ ಅನ್ನುವುದಾದರೆ ಮೂರು ದಿನದಲ್ಲಿ ಮೂರರ ಬಿಂಬ ತೋರಿಸು. 'ಕಂಡೆ' ಅಂತ ಮೂರು ಸಲ ನನ್ನ ಬಾಯಲ್ಲೇ ಬಂದರೆ ಚಳಿ ಕಟ್ಟಿಕೊಂಡು ಹೋಗುತ್ತೇನೆ. ಚಳಿ ಕಿತ್ತುಕೊಂಡದ್ದೆಲ್ಲ ವಾಪಸ್ಸು!"

ಕಣ್ಣಾರೆ ಕಂಡದ್ದನ್ನು ಇಲ್ಲವೆಂದರೆ ಮಾಂತ್ರಿಕರ ನಾಲಿಗೆ ಕಲ್ಲಾಗುತ್ತದೆ. ಹಾಗಾಗಿ ರಾಣಿ ಒಪ್ಪಿದಳು.

ಕೇತವ್ವನ ಮಗಳು ಮಾಚಲೆ ಪೆಟ್ಟಿಗೆಯನ್ನು ಹೆಗಲಿಗೇರಿಸಿದಳು. ಉಳಿದಿದ್ದ ಗಾಜು ಮೂರೇ.

"ಅವ್ವಾ, ನಿನ್ನ ಕಣ್ಣು ತರ್ತೀನಿ."

"ನನ್ನ ಕಣ್ಣು ಹಾಳಾಗ್ಲಿ ಮಗಾ. ಹಕ್ಕೀನ ಮಾತ್ರ ಎಬ್ಬಿಸ್ಬೇಡ" ಅಂದಳು ಕೇತವ್ವ.

ಮೊದಲ ದಿನ ಟಿಟ್ಟಿಭ. ಅದೋ ಮಹಾ ಗಲಾಟೆಯ ಹಕ್ಕಿ, ಒಣಎಲೆ ಅಲುಗಿದರೂ ಊರಿಗೆಲ್ಲ ಕೇಳುವಂತೆ ಅರಚುತ್ತದೆ. ಮಾಚಲೆ ಹೊಟ್ಟೆಯ ಮೇಲೆ ಮಲಗಿ ಗೇಣುಗೇಣಾಗಿ ತೆವಳಿದಳು. ಆಗ ಮಂಜಿನ ನರಿಯೊಂದು ಪಕ್ಕಕ್ಕೆ ಬಂದು ಕೂತಿತು. ಚಳಿಮಲ್ಲ ಸಾಕಿದ್ದು.

"ಹಕ್ಕೀನ ನಿನ್ನ ಮುಂದಕ್ಕೇ ಓಡಿಸ್ಕೊಂಡು ಬರ್ಲಾ ತಂಗಿ?"

"ಬೇಡಪ್ಪ, ನಿನ್ನ ದಾರಿ ನೋಡ್ಕೋ."

ಮಧ್ಯಾಹ್ನದ ಹೊತ್ತಿಗೆ ಬಿಂಬ ಸಿಕ್ಕಿತು. ಟಿಟ್ಟಿಭ ಒಂದು ಸಲವೂ ಅರಚಲಿಲ್ಲ.

ಎರಡನೆಯ ದಿನ ಕುಡುಗೋಲಿನಂಥ ಕೊಕ್ಕಿನ ಗೊರವ. ಹಿಮ ಕರಗಿದ್ದ ಒಂದೇ ಒಂದು ಹೊಂಡದ ಆಚೆ ದಡದಲ್ಲಿ ಅದು ಬೆನ್ನು ತಿರುಗಿಸಿಕೊಂಡು ನಿಂತಿತ್ತು. ಮಾಚಲೆ ಸೊಂಟದುದ್ದ ನೀರಲ್ಲಿ ಕಾದಳು. ಸೀರೆ ಹಪ್ಪಳದ ಹಾಗೆ ಸೆಟೆದುಕೊಂಡಿತು.

"ಒಂದು ಕಲ್ಲೆಸಿ ತಂಗಿ, ತಾನೇ ತಿರುಗುತ್ತೆ" ಅಂದಿತು ನರಿ.

"ಬೇಡಪ್ಪ, ನಿನ್ನ ದಾರಿ ನೋಡ್ಕೋ."

ಸಂಜೆಗೆ ಗೊರವ ತಾನಾಗಿಯೇ ತಿರುಗಿತು. ಪೆಟ್ಟಿಗೆ ಬಿಂಬ ಹಿಡಿಯಿತು.

ಮೂರನೆಯ ದಿನ ಒಣಹುಲ್ಲಿನ ಬಣ್ಣದ, ಉದ್ದ ಕೊಕ್ಕಿನ ಉಲ್ಲಂಕಿ. ಅದೇ ಹೊಂಡದ ಅಂಚಿನ ಕೆಸರಲ್ಲಿ ಅದು ಕೊಕ್ಕು ಚುಚ್ಚಿದ ತೂತುಗಳಿದ್ದವು, ಕಾಲಿನ ಗುರುತಿತ್ತು, ಹಕ್ಕಿ ಮಾತ್ರ ಎಲ್ಲೂ ಇಲ್ಲ. ಹೊತ್ತು ಇಳಿಯುತ್ತಾ ಬಂತು. ಮಾಚಲೆ ಒಂದೇ ಕಡೆ ನೋಡುತ್ತಾ ಕೂತಳು. ಕೂತು ಕೂತು, ಮೂರು ಮಾರು ದೂರದ ಒಣಹುಲ್ಲಿನ ನಡುವೆ ಒಂದು ಕಣ್ಣು ಕಂಡಿತು. ಉಲ್ಲಂಕಿ ಮೊಟ್ಟೆಗೆ ಕಾವು ಕೊಡುತ್ತಿತ್ತು.

ನರಿ ಕಿವಿಯ ಹತ್ತಿರ ಬಂತು. "ಒಂದೇ ಒಂದು ಚಪ್ಪಾಳೆ ತಟ್ಟು ತಂಗಿ. ಹಾರಿದ್ರೆ ಹಕ್ಕಿ ಎಲ್ರಿಗೂ ಕಾಣುತ್ತೆ. ಕೂತಿದ್ರೆ ಯಾರಿಗೆ ಕಾಣುತ್ತೆ ಹೇಳು? ನಿನ್ನವ್ವನ ಕಣ್ಣು ಬೇಡ್ವಾ?"

ಹಾಳು ನರಿ, ಅಂದದ್ದು ನಿಜವೇ! ಮಾಚಲೆಯ ಕೈಗಳು ಮೇಲೆದ್ದವು. ಆದರೆ ತಾಯಿ ಎದ್ದರೆ ಆ ಚಳಿಗೆ ಮೊಟ್ಟೆ ಕಲ್ಲಾಗುವುದು ಒಂದು ಗಳಿಗೆಯ ಮಾತು. ಅವಳು ಕೈ ಇಳಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಬೇಡಪ್ಪ, ನಿನ್ನ ದಾರಿ ನೋಡ್ಕೋ."

ಮೂರನೆಯ ಸಲ ಬೇಡವೆಂದದ್ದೇ ತಡ, ನರಿ ಕರಗಿ ನೀರಾಯಿತು. ಮಾಚಲೆ ಮುಚ್ಚಳ ತೆರೆದು ಮುಚ್ಚಿ, ಬಂದ ಹಾಗೇ ತೆವಳಿಕೊಂಡು ಹಿಂದೆ ಸರಿದಳು.

ಅರಮನೆಯಲ್ಲಿ ಊರಿಗೆ ಊರೇ ಸೇರಿತ್ತು. ಮೊದಲ ಗಾಜು ನೋಡಿ ಚಳಿಮಲ್ಲ "ಕಂಡೆ" ಎಂದು ಗೊಣಗಿದ. ಎರಡನೆಯದಕ್ಕೂ "ಕಂಡೆ" ಅಂದ. ಮೂರನೆಯದನ್ನು ನೋಡಿ ಬಿದ್ದುಬಿದ್ದು ನಕ್ಕ.

"ಇದು ಬರೀ ಹುಲ್ಲು!"

ರಾಣಿಯೂ ನೋಡಿದಳು. ಅವಳಿಗೂ ಹುಲ್ಲೇ ಕಂಡಿತು. ಸಭೆಯಲ್ಲಿ ಗುಸುಗುಸು ಎದ್ದಿತು. ಆಗ ಮೂಲೆಯಲ್ಲಿದ್ದ ಕೇತವ್ವ ಕೇಳಿದಳು:

"ಮಗಾ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು?"

"ಪಡುವಣದಿಂದ ಅವ್ವಾ."

"ಹಾಗಾದ್ರೆ ಹುಲ್ಲೆಲ್ಲ ಮೂಡಣಕ್ಕೆ ಬಾಗಿರಬೇಕು. ಬಾಗದೆ ಇರೋ ಗೆರೆಗಳು ಎಲ್ಲಿವೆ ಅಂತ ಆ ಮಹಾರಾಯನಿಗೆ ಹುಡುಕೋಕೆ ಹೇಳು."

"ಹುಡುಕಿದ್ರೆ ಏನು ಸಿಗುತ್ತೆ, ಮಣ್ಣು!" ಎಂದು ಚಳಿಮಲ್ಲ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಹುಲ್ಲೆಲ್ಲ ಬಾಗಿತ್ತು. ನಡುವೆ ನಾಲ್ಕು ಹಳದಿ ಗೆರೆ ಮಾತ್ರ ಬಾಗಿರಲಿಲ್ಲ. ಅವು ಹಕ್ಕಿಯ ಬೆನ್ನಿನ ಪಟ್ಟೆಗಳು. ಪಟ್ಟೆಯ ತುದಿಯಲ್ಲಿ ದುಂಡನೆಯ ಕಪ್ಪು ಕಣ್ಣೊಂದು ಅವನನ್ನೇ ದಿಟ್ಟಿಸುತ್ತಿತ್ತು.

"ಅಯ್ಯೋ, ಕಂಡೆ!" ಎಂದು ಕಿರುಚಿ ಹಿಂದಕ್ಕೆ ಹಾರಿದ.

ಅಷ್ಟೇ. ಅವನ ಗಡ್ಡದಿಂದ ನೀರು ತೊಟ್ಟಿಕ್ಕತೊಡಗಿತು. ಚಳಿಮಲ್ಲ ಚಳಿ ಕಟ್ಟಿಕೊಂಡು ಬೆಟ್ಟದಾಚೆಗೆ ಓಡಿದ, ಮತ್ತೆ ಆ ಕಡೆ ತಲೆಹಾಕಲಿಲ್ಲ. ಜೌಗಿನ ಮಂಜುಗಡ್ಡೆ ಒಡೆಯಿತು. ಮೇಲೆ ಟಿಟ್ಟಿಭಗಳು ಅರಚಾಡಿದವು.

ಕೇತವ್ವ ಕಣ್ಣುಜ್ಜಿಕೊಂಡು ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಮೂರನೆಯ ಗಾಜನ್ನು. ನೋಟಗಾರರ ಬುದ್ಧಿ ಎಲ್ಲಿಗೆ ಹೋಗುತ್ತೆ! ತುಂಬಾ ಹೊತ್ತು ನೋಡಿದಳು. ಆಮೇಲೆ ಗಾಜನ್ನು ತಲೆಯ ಮೇಲೆತ್ತಿ ಹಿಡಿದು ಸಭೆಗೆಲ್ಲ ಕೇಳುವಂತೆ ಹೇಳಿದಳು:

"ನೋಡ್ರಪ್ಪ, ಎಲ್ರೂ ನೋಡ್ರಿ. ಹಕ್ಕಿ ಕೂತೇ ಇದೆ. ಇವಳು ನನ್ನ ಮಗಳು!"

ಆ ಉಲ್ಲಂಕಿಯ ನಾಲ್ಕು ಮೊಟ್ಟೆಯೂ ಮರಿಯಾದವು. ಜೌಗುನಾಡಿನವರು ಕಾಲು ಕೆಸರು ಮಾಡಿಕೊಂಡು, ಹೊಟ್ಟೆ ತುಂಬ ಉಂಡುಕೊಂಡು, ನೂರು ವಸಂತ ನಗುನಗುತ್ತಾ ಬಾಳಿದರು.